ಮೊಬೈಲ್ ಗೋಪುರದ ಎಣಿಕೆ ಮತ್ತು ನಗರದ ಸೇವೆ: ದೂರಸಂಪರ್ಕ ಕಂಪನಿಗಳ ಮುಕ್ತ ಸ್ಪರ್ಧೆಗಳ ಒಂದು ವಿಮರ್ಶೆ

ಮೊಬೈಲ್ ಕಂಪನಿಯ ಬಳಿ ತನ್ನ ಗ್ರಾಹಕರ ಕರೆಗಳ ಲೆಕ್ಕ ಇರುವುದು ಹೊಸ ಸಂಗತಿಯೇನಲ್ಲ. ಬಿಲ್ ತಯಾರಿಸಲು ಅದು ಬೇಕೇ ಬೇಕು. ನೀವು ಕರೆ ಮಾಡಿದಾಗ, ಎಸ್‌ಎಂಎಸ್ ಕಳುಹಿಸಿದಾಗ ಅಥವಾ ಅಂತರಜಾಲ ಬಳಸಿದಾಗ ಒಂದು ದಾಖಲೆ ಹುಟ್ಟುತ್ತದೆ. ಯಾವ ಸಂಖ್ಯೆ, ಎಷ್ಟು ಹೊತ್ತಿಗೆ, ಎಷ್ಟು ಕಾಲ, ಯಾವ ಗೋಪುರದ ಮೂಲಕ ಎಂಬ ವಿವರಗಳು ಅದರಲ್ಲಿರುತ್ತವೆ. ಗೋಪುರ ಎಲ್ಲಿದೆ ಎಂಬುದು ಕಂಪನಿಗೆ ಗೊತ್ತಿರುವುದರಿಂದ, ನೀವು ಆಗ ಸ್ಥೂಲವಾಗಿ ಎಲ್ಲಿದ್ದಿರಿ ಎಂಬುದೂ ಗೊತ್ತಾಗುತ್ತದೆ.

2012ರಿಂದೀಚೆಗೆ ಯೂರೋಪಿನ ಕೆಲವು ದೊಡ್ಡ ಕಂಪನಿಗಳು ಈ ದಾಖಲೆಗಳ ಒಂದು ಭಾಗವನ್ನು, ಹೆಸರು ಅಳಿಸಿ, ಹೊರಗಿನವರಿಗೆ ಕೊಟ್ಟವು. "ಇದರಿಂದ ನಗರಕ್ಕೆ ಉಪಯೋಗವಾಗುವ ಏನನ್ನಾದರೂ ಮಾಡಿ ತೋರಿಸಿ" ಎಂದು ಸಂಶೋಧಕರನ್ನೂ ವಿದ್ಯಾರ್ಥಿಗಳನ್ನೂ ಸ್ಪರ್ಧೆಗೆ ಕರೆದವು. ಬಸ್ಸಿನ ಮಾರ್ಗ, ವಿದ್ಯುತ್ ಬೇಡಿಕೆ, ರೋಗದ ಹರಡುವಿಕೆ, ಜನಜಂಗುಳಿಯ ನಿರ್ವಹಣೆ ಹೀಗೆ ಹಲವು ಸೇವೆಗಳಿಗೆ ಇದರಿಂದ ದಾರಿಯಾಗುತ್ತದೆ ಎಂಬುದು ಆಶಯ. ಸ್ಮಾರ್ಟ್ ಸಿಟಿ ಕುರಿತ ಬರಹಗಳಲ್ಲಿ ಈ ವಿಧಾನ ಈಗಲೂ ಮೆಚ್ಚುಗೆಯ ಉದಾಹರಣೆಯಾಗಿ ಬರುತ್ತಿರುತ್ತದೆ.

ಈ ವಿಧಾನದ ಹಿಂದೆ ಎರಡು ಕಲ್ಪನೆಗಳಿವೆ. ಒಂದು, ಹೆನ್ರಿ ಚೆಸ್‌ಬ್ರೋ 2003ರ ತಮ್ಮ ಪುಸ್ತಕದಲ್ಲಿ ಮಂಡಿಸಿದ 'ಮುಕ್ತ ನಾವೀನ್ಯ'. ಹೊಸ ಯೋಚನೆಗಳೆಲ್ಲ ಕಂಪನಿಯ ಗೋಡೆಯೊಳಗೇ ಹುಟ್ಟಬೇಕಿಲ್ಲ, ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಹರಿಯಲಿ ಎಂಬುದು ಇದರ ಸಾರ. ಇನ್ನೊಂದು, ಪತ್ರಕರ್ತ ಜೆಫ್ ಹೋವ್ 2006ರಲ್ಲಿ ಹೆಸರಿಟ್ಟ 'ಕ್ರೌಡ್‌ಸೋರ್ಸಿಂಗ್'. ಗೊತ್ತಾದ ನೌಕರನೊಬ್ಬ ಮಾಡಬೇಕಾದ ಕೆಲಸವನ್ನು ಬಹಿರಂಗ ಕರೆಯ ಮೂಲಕ ಜನಸಮೂಹಕ್ಕೆ ಒಪ್ಪಿಸುವುದು ಎಂದು ಇದರ ಅರ್ಥ. ಇಲ್ಲಿ ಒಂದು ಸೂಕ್ಷ್ಮವಿದೆ. ಚೆಸ್‌ಬ್ರೋ ಹೇಳುವ 'ಮುಕ್ತ' ಎಂದರೆ ಎಲ್ಲರಿಗೂ ಉಚಿತ ಎಂದಲ್ಲ, ಎಲ್ಲವೂ ಬಹಿರಂಗ ಎಂದೂ ಅಲ್ಲ. ಯಾವ ಬಾಗಿಲನ್ನು ಎಷ್ಟು ತೆರೆಯಬೇಕು ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ.

ಆ ಬಾಗಿಲು ಎಷ್ಟು ತೆರೆದಿತ್ತು ಎಂಬುದೇ ಈ ಲೇಖನದ ಪ್ರಶ್ನೆ. ಭೌತವಿಜ್ಞಾನ ಕಲಿಸುವವನಿಗೆ ಯಾವುದೇ ಅಂಕಿಪಟ್ಟಿಯನ್ನು ಕಂಡಾಗ ಮೊದಲು ಕೇಳಬೇಕೆನಿಸುವುದು, ಇಲ್ಲಿ ಅಳೆದದ್ದು ಏನನ್ನು, ಯಾವ ಉಪಕರಣದಿಂದ ಎಂದು. ಹಾಗೆ ಕೇಳಿ ನೋಡಿದಾಗ ನನಗೆ ಕಾಣುವುದು ಇಷ್ಟು: ಈ ಸ್ಪರ್ಧೆಗಳಲ್ಲಿ ಕಂಪನಿಗಳು ಅಳತೆಗಳನ್ನು ತೆರೆದಿಟ್ಟವು, ಆದರೆ ಅಳೆಯುವ ಉಪಕರಣವನ್ನು ತೆರೆದಿಡಲಿಲ್ಲ. ಆದ್ದರಿಂದ ಹೊರಗಿನವರು ಅಂದವಾದ ಚಿತ್ರಗಳನ್ನು ಬಿಡಿಸಬಹುದಾಯಿತೇ ಹೊರತು ಅವು ಎಷ್ಟು ನಿಜ ಎಂದು ಪರೀಕ್ಷಿಸುವುದು ಕಷ್ಟವಾಯಿತು. ಬಸ್ಸು ಯಾವ ಬೀದಿಗೆ ಬರಬೇಕು ಎಂಬುದನ್ನು ತೀರ್ಮಾನಿಸುವ ಅಳತೆ ಪರೀಕ್ಷೆಗೆ ಸಿಗದಿದ್ದರೆ, ನಷ್ಟ ಆ ಬೀದಿಯವರದು.

ಗೋಪುರವೇ ಉಪಕರಣವಾದಾಗ

ಗೋಪುರವೊಂದರ ವ್ಯಾಪ್ತಿ ನಕ್ಷೆಯಲ್ಲಿ ಎಳೆದ ವೃತ್ತದಂತೆ ಅಚ್ಚುಕಟ್ಟಾಗಿರುವುದಿಲ್ಲ. ಆಂಟೆನಾದ ಎತ್ತರ, ಅದು ಬಾಗಿರುವ ಕೋನ, ಪ್ರಸಾರ ಸಾಮರ್ಥ್ಯ, ಬಳಸುವ ಆವರ್ತಾಂಕ, ಸುತ್ತಲಿನ ಕಟ್ಟಡಗಳು, ಇವೆಲ್ಲ ಸೇರಿ ವ್ಯಾಪ್ತಿಯನ್ನು ರೂಪಿಸುತ್ತವೆ. ಆವರ್ತಾಂಕ ಕಡಿಮೆಯಾದಷ್ಟೂ ಅಲೆ ದೂರ ತಲುಪುತ್ತದೆ, ಗೋಡೆಗಳನ್ನು ಸುಲಭವಾಗಿ ಹಾಯುತ್ತದೆ. ದಟ್ಟ ನಗರದಲ್ಲಿ ಒಂದು ಗೋಪುರ ಕೆಲವು ನೂರು ಮೀಟರ್‌ಗಳಷ್ಟು ಜಾಗವನ್ನು ನೋಡಿಕೊಂಡರೆ, ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರ್‌ಗಳನ್ನು ನೋಡಿಕೊಳ್ಳುತ್ತದೆ. ನಿಮ್ಮ ಫೋನ್ ಯಾವಾಗಲೂ ಅತಿ ಹತ್ತಿರದ ಗೋಪುರಕ್ಕೇ ಅಂಟಿಕೊಳ್ಳುವುದೂ ಇಲ್ಲ. ಸಂಕೇತದ ಬಲ, ಗೋಪುರದ ಮೇಲಿನ ಹೊರೆ ಇವುಗಳಿಗೆ ತಕ್ಕಂತೆ ಕರೆ ಪಕ್ಕದ ಗೋಪುರಕ್ಕೆ ಹೋಗಬಹುದು.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಬಿಲ್ಲಿನ ದಾಖಲೆ ಹುಟ್ಟುವುದು ಫೋನ್ ಬಳಸಿದಾಗ ಮಾತ್ರ. ಜೇಬಿನಲ್ಲಿ ಸುಮ್ಮನಿರುವ ಫೋನು ಈ ಲೆಕ್ಕಕ್ಕೆ ಸಿಗುವುದಿಲ್ಲ. ಒಬ್ಬ ತರುಣ ಅರ್ಧ ಗಂಟೆಯಲ್ಲಿ ಇಪ್ಪತ್ತು ಸಂದೇಶ ಕಳುಹಿಸಿದರೆ ಇಪ್ಪತ್ತು ದಾಖಲೆ; ಅದೇ ಜಾಗದಲ್ಲಿ ಕುಳಿತ ಹತ್ತು ಮಂದಿ ಹಿರಿಯರು ಫೋನ್ ಮುಟ್ಟದಿದ್ದರೆ ದಾಖಲೆ ಸೊನ್ನೆ. ಅಂದರೆ ಗೋಪುರ ಎಣಿಸುವುದು ಜನರನ್ನಲ್ಲ, ಬಳಕೆಯನ್ನು. ಬಳಕೆಯಿಂದ ಜನಸಂಖ್ಯೆಗೆ ಹೋಗಬೇಕಾದರೆ ತಲೆಗೆ ಸರಾಸರಿ ಎಷ್ಟು ಬಳಕೆ ಎಂಬ ಗುಣಾಂಕ ಬೇಕು. ಆ ಗುಣಾಂಕ ಜಾಗದಿಂದ ಜಾಗಕ್ಕೆ, ಹೊತ್ತಿನಿಂದ ಹೊತ್ತಿಗೆ, ವಯಸ್ಸಿನಿಂದ ವಯಸ್ಸಿಗೆ ಬದಲಾಗುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಎರಡು ಪ್ರಸಿದ್ಧ ಸ್ಪರ್ಧೆಗಳನ್ನು ನೋಡೋಣ.

ಮಿಲಾನ್ ನಗರದ ಹತ್ತು ಸಾವಿರ ಚೌಕಗಳು

ಆಗ ಟೆಲಿಕಾಂ ಇಟಾಲಿಯಾ ಎಂದು ಕರೆಯಲಾಗುತ್ತಿದ್ದ, ಈಗ ಟಿಮ್ ಎಂಬ ಹೆಸರಿರುವ ಇಟಲಿಯ ಕಂಪನಿ 2014ರಲ್ಲಿ ತನ್ನ 'ಬಿಗ್ ಡೇಟಾ ಚಾಲೆಂಜ್' ಎಂಬ ಸ್ಪರ್ಧೆಯನ್ನು ನಡೆಸಿತು. ಮಿಲಾನ್ ನಗರ ಮತ್ತು ಟ್ರೆಂಟಿನೋ ಪ್ರಾಂತ್ಯಗಳ 2013ರ ನವೆಂಬರ್ ಹಾಗೂ ಡಿಸೆಂಬರ್ ತಿಂಗಳುಗಳ ದತ್ತಾಂಶವನ್ನು ಸ್ಪರ್ಧಿಗಳಿಗೆ ಒದಗಿಸಿತು. ಮಿಲಾನನ್ನು ಉದ್ದಕ್ಕೆ 100, ಅಗಲಕ್ಕೆ 100, ಒಟ್ಟು 10,000 ಚೌಕಗಳಾಗಿ ವಿಭಾಗಿಸಲಾಗಿತ್ತು. ಪ್ರತಿ ಚೌಕದ ಬದಿ ಸುಮಾರು 235 ಮೀಟರ್, ಅಂದರೆ ವಿಸ್ತೀರ್ಣ ಐದೂವರೆ ಹೆಕ್ಟೇರ್. ಪ್ರತಿ ಚೌಕಕ್ಕೂ ಹತ್ತು ಹತ್ತು ನಿಮಿಷಕ್ಕೊಮ್ಮೆ ಬಂದ ಕರೆ, ಹೋದ ಕರೆ, ಬಂದ ಎಸ್‌ಎಂಎಸ್, ಹೋದ ಎಸ್‌ಎಂಎಸ್ ಮತ್ತು ಅಂತರಜಾಲ ಬಳಕೆ ಎಂಬ ಐದು ಅಂಕಿಗಳು. ಇವುಗಳ ಜೊತೆಗೆ ಹವಾಮಾನ, ಸ್ಥಳೀಯ ಸುದ್ದಿ, ಟ್ವಿಟರ್ ಸಂದೇಶಗಳ ಮಾಹಿತಿ, ಟ್ರೆಂಟಿನೋದ ವಿದ್ಯುತ್ ಬಳಕೆಯ ಮಾಹಿತಿ ಕೂಡ. ಸ್ಪರ್ಧೆಯ ನಂತರ, 2015ರಲ್ಲಿ, ಈ ದತ್ತಾಂಶವನ್ನು ಯಾರು ಬೇಕಾದರೂ ಬಳಸುವಂತೆ ಬಹಿರಂಗಗೊಳಿಸಲಾಯಿತು. ತಯಾರಿಸಿದ ಕ್ರಮವನ್ನು 'ಸೈಂಟಿಫಿಕ್ ಡೇಟಾ' ಪತ್ರಿಕೆಯಲ್ಲಿ ಪ್ರಬಂಧವಾಗಿ ಪ್ರಕಟಿಸಲಾಯಿತು. ಇದು ಮೆಚ್ಚಬೇಕಾದ ನಡೆ. ನಾನು ಮುಂದೆ ಹೇಳುವ ಕೊರತೆಗಳು ನಮಗೆ ಗೊತ್ತಾಗುವುದೂ ಆ ಪ್ರಬಂಧದ ಪ್ರಾಮಾಣಿಕ ವಿವರಣೆಯಿಂದಲೇ.

ಮೊದಲ ಕೊರತೆ ಚೌಕಕ್ಕೆ ಸಂಬಂಧಿಸಿದ್ದು. ಗೋಪುರಕ್ಕೆ ಚೌಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ವ್ಯಾಪ್ತಿಯಲ್ಲಿ ಇಷ್ಟು ದಾಖಲೆ ಹುಟ್ಟಿತು ಎಂಬುದಷ್ಟೇ. ಹಾಗಿದ್ದರೆ ಚೌಕದ ಅಂಕಿ ಎಲ್ಲಿಂದ ಬಂತು? ಗೋಪುರದ ದಾಖಲೆಗಳನ್ನು ಅದರ ವ್ಯಾಪ್ತಿಯೊಳಗಿನ ಚೌಕಗಳಿಗೆ ವಿಸ್ತೀರ್ಣದ ಪ್ರಮಾಣದಲ್ಲಿ ಹಂಚಲಾಯಿತು. ಒಂದು ಗೋಪುರದ ವ್ಯಾಪ್ತಿಯಲ್ಲಿ ಹತ್ತು ಚೌಕಗಳಿವೆ ಎಂದುಕೊಳ್ಳಿ. ಒಂದರಲ್ಲಿ ರೈಲು ನಿಲ್ದಾಣ, ಉಳಿದ ಒಂಬತ್ತರಲ್ಲಿ ನಿರ್ಜನ ಉದ್ಯಾನ. ಹತ್ತು ನಿಮಿಷದಲ್ಲಿ 1,000 ದಾಖಲೆ ಹುಟ್ಟಿದರೆ ಪ್ರತಿ ಚೌಕಕ್ಕೂ ತಲಾ 100 ಸಿಗುತ್ತದೆ. ನಕ್ಷೆಯಲ್ಲಿ ಉದ್ಯಾನವೂ ನಿಲ್ದಾಣದಷ್ಟೇ ಜನಭರಿತವಾಗಿ ಕಾಣುತ್ತದೆ! 235 ಮೀಟರ್ ಎಂಬುದು ಇಲ್ಲಿ ಉಪಕರಣದ ಪೃಥಕ್ಕರಣ ಸಾಮರ್ಥ್ಯವಲ್ಲ, ಕಾಗದದ ಮೇಲೆ ಎಳೆದ ಗೆರೆಗಳ ಅಂತರ. ಮಿಲಿಮೀಟರ್ ಗುರುತಿರುವ ಅಳತೆಪಟ್ಟಿಯಲ್ಲಿ ಅಳೆದು, ಉತ್ತರವನ್ನು ದಶಮಾಂಶದ ನಾಲ್ಕು ಸ್ಥಾನಗಳವರೆಗೆ ಬರೆಯುವ ವಿದ್ಯಾರ್ಥಿಗೆ ನಾವು ಏನು ಹೇಳುತ್ತೇವೆಯೋ ಅದನ್ನೇ ಇಲ್ಲಿಯೂ ಹೇಳಬೇಕಾಗುತ್ತದೆ. ನಿಜವಾದ ಪೃಥಕ್ಕರಣ ಸಾಮರ್ಥ್ಯವನ್ನು ತಿಳಿಯಲು ಪ್ರತಿ ಗೋಪುರದ ವ್ಯಾಪ್ತಿ ನಕ್ಷೆ ಬೇಕು. ಬಹಿರಂಗಗೊಳಿಸಿದ ದತ್ತಾಂಶದಲ್ಲಿ ಅದು ಇಲ್ಲ.

ಎರಡನೆಯದು ಮಾನಕ್ಕೆ ಸಂಬಂಧಿಸಿದ್ದು. ತನಗೆ ನಿಜವಾಗಿ ಎಷ್ಟು ಕರೆಗಳು ಬರುತ್ತವೆ ಎಂಬುದು ವ್ಯಾಪಾರದ ಗುಟ್ಟು. ಅದು ಹೊರಬೀಳದಂತೆ ಕಂಪನಿ ಎಣಿಕೆಯನ್ನು ಗೋಪ್ಯವಾದ ಒಂದು ಸ್ಥಿರಾಂಕದಿಂದ ಗುಣಿಸಿ ಕೊಟ್ಟಿತು. ಆದ್ದರಿಂದ ಒಂದು ಚೌಕದ ಅಂಕಿ ಇನ್ನೊಂದರ ಎರಡರಷ್ಟಿದೆ ಎನ್ನಬಹುದು. ಎಷ್ಟು ಕರೆ ಎಂದು ಹೇಳುವಂತಿಲ್ಲ. ಮೇಲಾಗಿ ಅಂತರಜಾಲದ ದಾಖಲೆಗೆ ಅದರದೇ ನಿಯಮವಿದೆ. ಸಂಪರ್ಕ ಶುರುವಾದಾಗ ಒಂದು, ಮುಗಿದಾಗ ಒಂದು, ನಡುವೆ 15 ನಿಮಿಷ ಕಳೆದರೆ ಅಥವಾ 5 ಮೆಗಾಬೈಟ್ ಮೀರಿದರೆ ಮತ್ತೊಂದು. ಹೀಗೆ ಹುಟ್ಟಿದ ಅಂಕಿಯ ಮಾನ ಯಾವುದು? ಜನವೂ ಅಲ್ಲ, ನಿಮಿಷವೂ ಅಲ್ಲ, ಮೆಗಾಬೈಟೂ ಅಲ್ಲ. ಮಾನವಿಲ್ಲದ ಉತ್ತರಕ್ಕೆ ನಾವು ಪರೀಕ್ಷೆಯಲ್ಲಿ ಅಂಕ ಕಳೆಯುತ್ತೇವೆ.

ಫುಟ್‌ಬಾಲ್ ಮೈದಾನದಲ್ಲಿ ತಾಳೆ ನೋಡಿದ್ದು

ಇಷ್ಟಾದರೂ ಈ ದತ್ತಾಂಶದಿಂದ ಒಳ್ಳೆಯ ವಿಜ್ಞಾನ ಹುಟ್ಟಿತು. ಅದು ಹುಟ್ಟಿದ ಬಗೆ ನನ್ನ ವಾದಕ್ಕೆ ಪೂರಕವಾಗಿಯೇ ಇದೆ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾನಿಲಯದ ಫೆಡೆರಿಕೊ ಬೊಟ್ಟಾ, ಸೂಸಿ ಮೋಟ್ ಮತ್ತು ಟೋಬಿಯಾಸ್ ಪ್ರೈಸ್ ಎಂಬ ಮೂವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿಲಾನಿನ ಸಾನ್ ಸಿರೋ ಫುಟ್‌ಬಾಲ್ ಕ್ರೀಡಾಂಗಣವನ್ನು ಆರಿಸಿಕೊಂಡರು. ಕಾರಣ ಸರಳ. ಪ್ರತಿ ಪಂದ್ಯಕ್ಕೆ ಎಷ್ಟು ಪ್ರೇಕ್ಷಕರು ಬಂದಿದ್ದರು ಎಂಬ ಲೆಕ್ಕ ಬೇರೆ ಮೂಲದಿಂದ ಸಿಗುತ್ತದೆ. ಆ ಎರಡು ತಿಂಗಳಲ್ಲಿ ನಡೆದ ಪಂದ್ಯಗಳಿಗೆ ಪ್ರೇಕ್ಷಕರ ಸಂಖ್ಯೆಯನ್ನು ಒಂದು ಅಕ್ಷದಲ್ಲಿ, ಆ ಜಾಗದ ಮೊಬೈಲ್ ಚಟುವಟಿಕೆಯನ್ನು ಇನ್ನೊಂದು ಅಕ್ಷದಲ್ಲಿ ಗುರುತಿಸಿದಾಗ ಬಿಂದುಗಳು ಸರಳರೇಖೆಯ ಸಮೀಪ ಬಿದ್ದವು. ಲಿನಾಟೆ ವಿಮಾನ ನಿಲ್ದಾಣದಲ್ಲೂ ಅವರು ಇಂಥದೇ ಪರೀಕ್ಷೆ ನಡೆಸಿದರು.

ಪ್ರಯೋಗಶಾಲೆಯಲ್ಲಿ ನಾವು ಕ್ಯಾಲಿಬ್ರೇಷನ್ ಎನ್ನುವುದು ಇದನ್ನೇ. ಅಂಕಗಳಿಲ್ಲದ ಉಷ್ಣಮಾಪಕವನ್ನು ಕರಗುವ ಮಂಜುಗಡ್ಡೆಯಲ್ಲೂ ಕುದಿಯುವ ನೀರಿನ ಹಬೆಯಲ್ಲೂ ಇಟ್ಟು ಗುರುತು ಹಾಕುವಂತೆ, ಗೊತ್ತಿರುವ ಜನಸಂಖ್ಯೆಯೊಡನೆ ಗೊತ್ತಿಲ್ಲದ ಸೂಚಿಯನ್ನು ತಾಳೆ ನೋಡಿದರು. ಆದರೆ ಈ ಗುರುತಿನ ಮಿತಿಯನ್ನೂ ಗಮನಿಸಬೇಕು. ಕ್ರೀಡಾಂಗಣದಲ್ಲಿ ತಲೆಗೆ ಇಷ್ಟು ಬಳಕೆ ಎಂದು ಸಿಕ್ಕ ಗುಣಾಂಕವನ್ನು ಆಸ್ಪತ್ರೆಗೋ ಸಂತೆಗೋ ಕಾರ್ಖಾನೆಗೋ ಹಾಗೆಯೇ ಹಚ್ಚುವಂತಿಲ್ಲ. ಗೋಲು ಬಿದ್ದಾಗ ಗೆಳೆಯನಿಗೆ ಸಂದೇಶ ಕಳುಹಿಸುವವನೂ, ಯಂತ್ರದ ಮುಂದೆ ಎರಡೂ ಕೈ ತೊಡಗಿಸಿ ನಿಂತವನೂ ಒಂದೇ ಪ್ರಮಾಣದಲ್ಲಿ ಫೋನ್ ಬಳಸುವುದಿಲ್ಲ. ಪ್ರತಿ ಬಗೆಯ ಜಾಗಕ್ಕೂ ಪ್ರತ್ಯೇಕ ತಾಳೆ ಬೇಕಾಗುತ್ತದೆ.

ಇಲ್ಲಿ ನೀವು ಗಮನಿಸಬೇಕಾದ್ದು, ದತ್ತಾಂಶ ಹೊರಬಂದುದರಿಂದ ದೊರೆತ ಅತ್ಯುತ್ತಮ ಫಲ ಒಂದು ಹೊಸ ಸೇವೆಯಲ್ಲ, ಒಂದು ಪರೀಕ್ಷೆ ಎಂಬುದು. ಮುಕ್ತತೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಸ್ಪರ್ಧೆಗಳು ಮಾತ್ರ ಬಹುಮಾನ ಇಡುವುದು ಹೊಸ ತಯಾರಿಕೆಗೆ. ತಾಳೆ ನೋಡುವ ಕೆಲಸ ಸ್ವಂತ ಆಸಕ್ತಿಯುಳ್ಳ ಸಂಶೋಧಕರಿಗೆ ಬಿಟ್ಟಿದ್ದು.

ಅಬಿಜಾನಿನ ಬಸ್ಸುಗಳು

ಮಿಲಾನಿನಲ್ಲಿ ಅಂಕಿ ತಪ್ಪಿದರೆ ಸರಿಪಡಿಸಿಕೊಳ್ಳಲು ಜನಗಣತಿ, ಸಮೀಕ್ಷೆ, ಟಿಕೆಟ್ಟಿನ ಲೆಕ್ಕ ಎಲ್ಲವೂ ಇವೆ. ಇವು ಸರಿಯಾಗಿ ಇಲ್ಲದ ಕಡೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಫ್ರಾನ್ಸಿನ ಆರೆಂಜ್ ಕಂಪನಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿರುವ ತನ್ನ ಜಾಲದ ದತ್ತಾಂಶವನ್ನು 2012ರಲ್ಲಿ 'ಅಭಿವೃದ್ಧಿಗಾಗಿ ದತ್ತಾಂಶ' ಎಂಬ ಹೆಸರಿನ ಸ್ಪರ್ಧೆಗೆ ಒದಗಿಸಿತು. 2011ರ ಡಿಸೆಂಬರ್‌ನಿಂದ 2012ರ ಏಪ್ರಿಲ್‌ವರೆಗಿನ, 50 ಲಕ್ಷ ಗ್ರಾಹಕರ ನಡುವಿನ 250 ಕೋಟಿ ಕರೆ ಮತ್ತು ಎಸ್‌ಎಂಎಸ್‌ಗಳಿಂದ ಆಯ್ದು ತಯಾರಿಸಿದ ಮಾಹಿತಿ ಅದು. ಇದನ್ನು ಎಲ್ಲರಿಗೂ ಬಹಿರಂಗಗೊಳಿಸಲಿಲ್ಲ. ಅರ್ಜಿ ಹಾಕಿ, ಷರತ್ತಿಗೆ ಒಪ್ಪಿದ ಸಂಶೋಧಕರಿಗೆ ಕೊಟ್ಟರು. ಫಲಿತಾಂಶಗಳನ್ನು 2013ರ ಮೇ ತಿಂಗಳಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮಂಡಿಸಲಾಯಿತು.

ಅಲ್ಲಿ ಹೆಚ್ಚು ಸುದ್ದಿಯಾದದ್ದು ಐಬಿಎಂ ಕಂಪನಿಯ ಡಬ್ಲಿನ್ ಪ್ರಯೋಗಾಲಯದವರು ಅಬಿಜಾನ್ ಮಹಾನಗರಕ್ಕೆ ಮಾಡಿದ ಬಸ್ ಯೋಜನೆ. ಕರೆಗಳ ದಾಖಲೆಯಿಂದ ಜನ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆಂದು ಊಹಿಸಿ, ಕೆಲವು ಹೊಸ ಮಾರ್ಗಗಳನ್ನು ಸೇರಿಸಿ ಒಂದನ್ನು ವಿಸ್ತರಿಸಿದರೆ ಪ್ರಯಾಣದ ಕಾಲ ಶೇಕಡ 10ರಷ್ಟು ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅಚ್ಚುಕಟ್ಟಾದ ಕೆಲಸ. ಆದರೆ ಈ ಶೇಕಡ 10 ಗಣಕದೊಳಗಿನ ಮಾದರಿಯ ಉತ್ತರ. ರಸ್ತೆಯ ಮೇಲೆ ಗಡಿಯಾರ ಹಿಡಿದು ಅಳೆದದ್ದಲ್ಲ. ಸುದ್ದಿಯಲ್ಲಿ ಈ ಎರಡರ ವ್ಯತ್ಯಾಸ ಮಸುಕಾಗಿಬಿಡುತ್ತದೆ.

ಮಾದರಿಯ ಒಳಹೊಕ್ಕು ನೋಡಿ. ಒಬ್ಬಾಕೆ ಬೆಳಿಗ್ಗೆ ಮನೆಯಿಂದ ಒಮ್ಮೆ, ರಾತ್ರಿ ಮನೆಯಿಂದ ಒಮ್ಮೆ ಕರೆ ಮಾಡುತ್ತಾಳೆ. ನಡುವೆ ಹದಿನೈದು ಕಿಲೋಮೀಟರ್ ದೂರದ ಮಾರುಕಟ್ಟೆಗೆ ಹೋಗಿ ಬಂದಿದ್ದಾಳೆ, ಅಲ್ಲಿ ಫೋನ್ ಬಳಸಿಲ್ಲ. ದಾಖಲೆಯ ಪ್ರಕಾರ ಆಕೆ ಮನೆಬಿಟ್ಟು ಕದಲಿಯೇ ಇಲ್ಲ. ದಿನವಿಡೀ ಹತ್ತಾರು ಕರೆ ಮಾಡುವ ವ್ಯಾಪಾರಿಯ ಓಡಾಟವಾದರೋ ಗೋಪುರದಿಂದ ಗೋಪುರಕ್ಕೆ ಸ್ಪಷ್ಟವಾಗಿ ಮೂಡುತ್ತದೆ. ಕರೆಗೆ ದುಡ್ಡು ಹೆಚ್ಚು ಖರ್ಚು ಮಾಡಬಲ್ಲವನ ದಾರಿ ದಪ್ಪ ಗೆರೆ, ಮಾಡಲಾಗದವಳ ದಾರಿ ಅಳಿಸಿದ ಗೆರೆ. ಬಸ್ಸಿನ ಅಗತ್ಯ ಯಾರಿಗೆ ಹೆಚ್ಚು? ಆ ಕಾಲದಲ್ಲಿ ದೇಶದ ಜನಸಂಖ್ಯೆ ಸುಮಾರು ಎರಡು ಕೋಟಿ. ಬೇರೆ ಕಂಪನಿಗಳ ಗ್ರಾಹಕರು, ಫೋನೇ ಇಲ್ಲದವರು, ಚಿಕ್ಕ ಮಕ್ಕಳು ಈ 50 ಲಕ್ಷದ ಹೊರಗಿದ್ದರು. ಅಬಿಜಾನಿನ ಜನ ದೊಡ್ಡ ಬಸ್ಸುಗಳನ್ನಷ್ಟೇ ನಂಬಿದವರೂ ಅಲ್ಲ. 'ಗ್ಬಾಕಾ' ಎಂಬ ಖಾಸಗಿ ಮಿನಿಬಸ್ಸುಗಳು, 'ವೊರೊ-ವೊರೊ' ಎಂಬ ಹಂಚಿಕೆಯ ಟ್ಯಾಕ್ಸಿಗಳು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಓಡುತ್ತವೆ. ಗೋಪುರದಿಂದ ಗೋಪುರಕ್ಕೆ ಸರಿದ ಫೋನು ಇವುಗಳಲ್ಲಿ ಯಾವುದರಲ್ಲಿ ಕುಳಿತಿತ್ತು ಎಂದು ಬಿಲ್ಲಿನ ದಾಖಲೆ ಹೇಳುವುದಿಲ್ಲ.

"ಆದರೆ 250 ಕೋಟಿ ದಾಖಲೆಗಳಿವೆಯಲ್ಲ, ಸಣ್ಣಪುಟ್ಟ ತಪ್ಪು ಅಷ್ಟು ದೊಡ್ಡ ರಾಶಿಯಲ್ಲಿ ಕರಗಿಹೋಗುವುದಿಲ್ಲವೆ?" ಎಂದು ನಿಮ್ಮ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ದೋಷಗಳಲ್ಲಿ ಎರಡು ಬಗೆ. ಯಾದೃಚ್ಛಿಕ ದೋಷ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಅಳತೆಗಳ ಸಂಖ್ಯೆಯನ್ನು ನೂರು ಪಟ್ಟು ಮಾಡಿದರೆ ಸರಾಸರಿಯಲ್ಲಿ ಅದು ಹತ್ತನೇ ಒಂದಕ್ಕೆ ಇಳಿಯುತ್ತದೆ. ವ್ಯವಸ್ಥಿತ ದೋಷ ಹಾಗಲ್ಲ. ಶೂನ್ಯ ದೋಷವಿರುವ ಸ್ಕ್ರೂ ಗೇಜಿನಲ್ಲಿ ತಂತಿಯ ವ್ಯಾಸವನ್ನು ಸಾವಿರ ಸಲ ಅಳೆದರೂ ಸರಾಸರಿ ಅಷ್ಟೇ ತಪ್ಪಾಗಿರುತ್ತದೆ. ಕಡಿಮೆ ಕರೆ ಮಾಡುವವರು ಲೆಕ್ಕದಿಂದ ಜಾರಿಹೋಗುವುದು ಈ ಎರಡನೆಯ ಬಗೆಯದು. ದತ್ತಾಂಶದ ರಾಶಿ ದೊಡ್ಡದಾದಷ್ಟೂ ಉತ್ತರದ ಮೇಲೆ ನಮ್ಮ ನಂಬಿಕೆ ಹೆಚ್ಚುತ್ತದೆ, ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ. ದೊಡ್ಡ ದತ್ತಾಂಶದ ದೊಡ್ಡ ಅಪಾಯ ಇದು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಐವರಿ ಕೋಸ್ಟ್‌ನಲ್ಲಿ ಅದಕ್ಕೆ ಹಿಂದಿನ ಜನಗಣತಿ ನಡೆದದ್ದು 1998ರಲ್ಲಿ, ಮುಂದಿನದು 2014ರಲ್ಲಿ. ನಡುವೆ ಅಂತರ್ಯುದ್ಧವಾಗಿ ಜನ ಚದುರಿಹೋಗಿದ್ದರು. ಮನೆಮನೆಗೆ ಹೋಗಿ ಪ್ರಯಾಣ ಸಮೀಕ್ಷೆ ಮಾಡುವುದು ದುಬಾರಿ. ಇಂಥಲ್ಲಿ ಓರೆಯಾದ ಕನ್ನಡಿಯೂ ಉಪಯುಕ್ತವೇ. ಆದರೆ ಎಷ್ಟು ಓರೆ ಎಂದು ತಿಳಿಯಲು ಸಣ್ಣದಾದರೂ ಸ್ವತಂತ್ರವಾದ ಒಂದು ಸಮೀಕ್ಷೆ ಬೇಕು. ಕೆಲವು ಬಸ್ ನಿಲ್ದಾಣಗಳಲ್ಲಿ, ಕೆಲವು ಬೀದಿಗಳಲ್ಲಿ ನಿಂತು ಎಣಿಸಿದ ಲೆಕ್ಕ. ಬೇರೆ ಲೆಕ್ಕವೇ ಇಲ್ಲದ ಊರಿಗೆ ಗೋಪುರದ ಲೆಕ್ಕದಷ್ಟೇ ಅಗತ್ಯವಾದದ್ದು ಇದು.

ಹೆಸರು ಅಳಿಸಿದರೆ ಸಾಕೆ?

ಉಪಕರಣವನ್ನು ಪೂರ್ತಿ ತೆರೆದಿಡದಿರಲು ವ್ಯಾಪಾರದ ಗುಟ್ಟಲ್ಲದೆ ಇನ್ನೊಂದು ನ್ಯಾಯವಾದ ಕಾರಣವಿದೆ. ಅದು ಗ್ರಾಹಕರ ಖಾಸಗಿತನ. ಇವ್-ಅಲೆಕ್ಸಾಂಡರ್ ದ ಮೊಂಜೋಯ್ ಮತ್ತು ಸಂಗಡಿಗರು 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನು ಮನವರಿಕೆ ಮಾಡಿಕೊಡುತ್ತದೆ. ಒಬ್ಬ ವ್ಯಕ್ತಿ ಯಾವ ಗಂಟೆಯಲ್ಲಿ ಯಾವ ಗೋಪುರದ ಬಳಿ ಇದ್ದ ಎಂಬ 4 ಬಿಂದುಗಳು ಗೊತ್ತಿದ್ದರೆ, ಶೇಕಡ 95ರಷ್ಟು ಜನರ ದಾಖಲೆಯನ್ನು ಆ ರಾಶಿಯಲ್ಲಿ ಬೇರೆಯವರಿಂದ ಬೇರ್ಪಡಿಸಬಹುದು. ನಿಮ್ಮ ಮನೆ, ನಿಮ್ಮ ಕಾಲೇಜು, ಭಾನುವಾರ ನೀವು ಹೋಗುವ ಊರು ನೆರೆಯವನಿಗೆ ಗೊತ್ತು. ಹೆಸರಿಲ್ಲದ ಪಟ್ಟಿಯಲ್ಲಿ ನಿಮ್ಮನ್ನು ಹುಡುಕಲು ಅವನಿಗೆ ಅಷ್ಟು ಸಾಕಾಗಬಹುದು.

ಆರೆಂಜ್ ಸ್ಪರ್ಧೆಯ ಆಯೋಜಕರು ಇದಕ್ಕೆ ಎಚ್ಚರ ವಹಿಸಿದ್ದರು. ಗೋಪುರದಷ್ಟು ಸೂಕ್ಷ್ಮವಾದ ಸ್ಥಳವಿವರವನ್ನು ಎರಡೆರಡು ವಾರಗಳ ತುಣುಕುಗಳಾಗಿ, ಪ್ರತಿ ತುಣುಕಿಗೂ ಬೇರೆ 50,000 ಗ್ರಾಹಕರನ್ನು ಆರಿಸಿ ಕೊಟ್ಟರು. ಪೂರ್ತಿ ಅವಧಿಯ ಮಾಹಿತಿಯಲ್ಲಿ ಸ್ಥಳವನ್ನು ತಾಲ್ಲೂಕಿನಷ್ಟು ದೊಡ್ಡ ಪ್ರದೇಶಕ್ಕೆ ಹಿಗ್ಗಿಸಿದರು. ಮಿಲಾನಿನಲ್ಲಂತೂ ವ್ಯಕ್ತಿಗಳೇ ಇಲ್ಲ, ಚೌಕದ ಮೊತ್ತ ಮಾತ್ರ. ಆದರೆ ಮೊತ್ತವೂ ಎಲ್ಲ ಸಂದರ್ಭದಲ್ಲಿ ಸುರಕ್ಷಿತವಲ್ಲ. ಯಾವ ಜಾಗದಲ್ಲಿ ಯಾವ ಹೊತ್ತಿನಲ್ಲಿ ಎಷ್ಟು ಜನ ಎಂಬ ಮೊತ್ತಗಳಿಂದಲೇ ಒಬ್ಬೊಬ್ಬರ ಓಡಾಟವನ್ನು ಶೇಕಡ 73ರಿಂದ 91ರಷ್ಟು ನಿಖರತೆಯಲ್ಲಿ ಮರಳಿ ಕಟ್ಟಬಹುದೆಂದು ಚೀನಾದ ಸಂಶೋಧಕರು 2017ರಲ್ಲಿ ತೋರಿಸಿದರು. ಮನುಷ್ಯನ ದಿನಚರಿ ಅಷ್ಟು ನಿಯಮಬದ್ಧ!

ಹೀಗೆ ಇಲ್ಲೊಂದು ಇಕ್ಕಟ್ಟಿದೆ. ವಿವರ ಹೆಚ್ಚಿದಷ್ಟೂ ಸೇವೆಗೆ ಅನುಕೂಲ, ಖಾಸಗಿತನಕ್ಕೆ ಅಪಾಯ. ಈ ತಕ್ಕಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಗಣಿತದಿಂದ ಮಾತ್ರ ಬಗೆಹರಿಯುವ ವಿಷಯವಲ್ಲ. ಆ ತೀರ್ಮಾನದಲ್ಲಿ ಯಾರ ಮಾತಿಗೆ ಜಾಗವಿತ್ತು? ಈ ಸ್ಪರ್ಧೆಗಳಲ್ಲಿ ಎರಡು ಜನಸಮೂಹಗಳಿವೆ ಎಂಬುದನ್ನು ಗಮನಿಸಿ. ಒಂದು, ಪ್ರೋಗ್ರಾಂ ಬರೆಯುವ ಸಮೂಹ. ಅದಕ್ಕೆ ಆಹ್ವಾನ, ಬಹುಮಾನ, ಕೀರ್ತಿ ಎಲ್ಲ ಇತ್ತು. ಇನ್ನೊಂದು, ತನ್ನ ಕರೆಗಳಿಂದ ದತ್ತಾಂಶವನ್ನು ಹುಟ್ಟಿಸಿದ ಸಮೂಹ. ಸ್ಪರ್ಧೆಯ ವಿನ್ಯಾಸದಲ್ಲಿ ಅದಕ್ಕೆ ಯಾವ ಪಾತ್ರವೂ ಇರಲಿಲ್ಲ. ಕ್ರೌಡ್‌ಸೋರ್ಸಿಂಗ್ ಎಂಬ ಪದದಲ್ಲಿರುವ ಜನಸಮೂಹ ಮೊದಲನೆಯದು ಮಾತ್ರ ಎಂಬುದು ನನ್ನ ಮುಖ್ಯ ಆಕ್ಷೇಪಣೆಗಳಲ್ಲಿ ಒಂದು.

ಸ್ಪರ್ಧೆ ಮುಗಿದ ಮೇಲೆ

ನಗರಸೇವೆ ಎಂದರೆ ನಾಳೆಯೂ ಇರಬೇಕಾದದ್ದು. ಎರಡು ಅಥವಾ ಐದು ತಿಂಗಳ ಹಳೆಯ ದತ್ತಾಂಶದಿಂದ ಪ್ರಬಂಧ ಬರೆಯಬಹುದು, ಬಸ್ಸು ಓಡಿಸಲಾಗದು. ಪ್ರತಿದಿನದ ದತ್ತಾಂಶ ಕಂಪನಿಯ ಕೈಯಲ್ಲೇ ಉಳಿಯುವುದರಿಂದ, ಸ್ಪರ್ಧೆಯಲ್ಲಿ ಹುಟ್ಟಿದ ಸೇವೆ ಮುಂದುವರಿಯಬೇಕೋ ಬೇಡವೋ ಎಂಬುದೂ ಕಂಪನಿಯ ಮರ್ಜಿಗೆ ಸೇರಿದ್ದು.

ಇದಕ್ಕೆ ಹೋಲಿಸಲು ಸ್ಪೇನ್ ದೇಶದ ಸಾಂತಾಂದೆರ್ ನಗರ ಒಳ್ಳೆಯ ಉದಾಹರಣೆ. ಯೂರೋಪ್ ಒಕ್ಕೂಟದ ಹಣದಿಂದ 2010ರಲ್ಲಿ ಆರಂಭವಾದ 'ಸ್ಮಾರ್ಟ್‌ಸಾಂತಾಂದೆರ್' ಯೋಜನೆಯಲ್ಲೂ ದೂರಸಂಪರ್ಕ ಕಂಪನಿಯೇ ಮುಂದಾಳು. ಟೆಲಿಫೋನಿಕಾ ಕಂಪನಿಯ ಸಂಶೋಧನಾ ವಿಭಾಗ ಅದನ್ನು ಸಂಯೋಜಿಸಿತು. ಆದರೆ ಜೊತೆಗೆ ಅದೇ ಊರಿನ ಕಾಂತಾಬ್ರಿಯಾ ವಿಶ್ವವಿದ್ಯಾನಿಲಯ ಮತ್ತು ನಗರಸಭೆ ಇದ್ದವು. ನಗರದಲ್ಲಿ ಸುಮಾರು 12,000 ಸಂವೇದಕಗಳನ್ನು ಅಳವಡಿಸಲಾಯಿತು. ವಾಹನ ನಿಲುಗಡೆಯ ಜಾಗಗಳಲ್ಲಿ ಡಾಂಬರಿನಡಿ ಹುದುಗಿಸಿದ ಸಂವೇದಕ, ಮೇಲೆ ನಿಂತ ಕಾರಿನ ಕಬ್ಬಿಣ ಭೂಮಿಯ ಕಾಂತಕ್ಷೇತ್ರದಲ್ಲಿ ಉಂಟುಮಾಡುವ ಅಲ್ಪ ಬದಲಾವಣೆಯನ್ನು ಗುರುತಿಸುತ್ತದೆ. ರಸ್ತೆಯಲ್ಲಿ ಗುಂಡಿ ಬಿದ್ದಿದ್ದರೆ ನಾಗರಿಕರು ತಮ್ಮ ಫೋನಿನಿಂದ ತಾವಾಗಿಯೇ ತಿಳಿಸುವ ಏರ್ಪಾಡೂ ಇತ್ತು.

ಇದೂ ದೋಷವಿಲ್ಲದ್ದೇನಲ್ಲ. ಬ್ಯಾಟರಿಯಿಂದ ನಡೆಯುವ ಸಂವೇದಕದ ಬ್ಯಾಟರಿ ಮುಗಿಯುತ್ತದೆ, ಬದಲಾಯಿಸಲು ರಸ್ತೆ ಅಗೆಯಬೇಕಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರ ಬೀದಿಯ ಗುಂಡಿ ವರದಿಯಾಗದೆ ಉಳಿಯಬಹುದು. ಆದರೂ ಎರಡು ವಿಷಯಗಳಲ್ಲಿ ಇದು ಮೇಲು. ಒಂದು, ಗುಂಡಿಯ ಬಗ್ಗೆ ತಿಳಿಸುವವನಿಗೆ ತಾನು ಏನನ್ನು, ಯಾಕೆ ತಿಳಿಸುತ್ತಿದ್ದೇನೆ ಎಂಬುದು ಗೊತ್ತು. ಇನ್ನೊಂದು, ಉಪಕರಣ ಎಲ್ಲಿದೆ, ಏನು ಅಳೆಯುತ್ತದೆ ಎಂಬುದು ಬಹಿರಂಗ. ಜಾಗ ಖಾಲಿ ಇದೆ ಎಂದು ಸಂವೇದಕ ಹೇಳಿದರೆ ಯಾರು ಬೇಕಾದರೂ ಹೋಗಿ ಕಣ್ಣಾರೆ ನೋಡಬಹುದು. ಗೋಪುರದ ಸ್ಥಿರಾಂಕವನ್ನು ಹಾಗೆ ನೋಡುವಂತಿಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು

ನಮ್ಮ ದೇಶದ ಸ್ಮಾರ್ಟ್ ಸಿಟಿ ಅಭಿಯಾನ 2015ರ ಜೂನ್‌ನಲ್ಲಿ ಆರಂಭವಾಗಿ 2025ರ ಮಾರ್ಚ್‌ಗೆ ಮುಗಿಯಿತು. ಆಯ್ಕೆಯಾದ 100 ನಗರಗಳಲ್ಲಿ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಮತ್ತು ಬೆಂಗಳೂರು ನಮ್ಮ ರಾಜ್ಯದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯನ್ನು ಗುರುತಿಸಬಹುದಾದ ಮಾಹಿತಿಗೆ ಅನ್ವಯಿಸುತ್ತದೆ. ಹೆಸರು ಅಳಿಸಿದ ಮೇಲೂ ಗುರುತಿಸಬಹುದೆ ಎಂಬ, ಮೇಲೆ ಚರ್ಚಿಸಿದ ಪ್ರಶ್ನೆ ಹೀಗೆ ಕಾನೂನಿನ ಪ್ರಶ್ನೆಯೂ ಆಗುತ್ತದೆ. ಇಂಥ ಸ್ಪರ್ಧೆಗಳಿಗೆ ಕರೆ ಬಂದಾಗ ಉತ್ಸಾಹದಿಂದ ಭಾಗವಹಿಸುವವರು ನಿಮ್ಮ ವಿದ್ಯಾರ್ಥಿಗಳೇ. ಭಾಗವಹಿಸಲಿ. ಆದರೆ ಮೊದಲು ಈ ಐದು ಪ್ರಶ್ನೆಗಳನ್ನು ಕೇಳಲಿ:

1. ಅಂಕಿಯ ಮಾನ ಯಾವುದು? ಅದು ಜನರನ್ನು ಎಣಿಸುತ್ತದೆಯೆ, ಬಳಕೆಯನ್ನೆ?
2. ಉಪಕರಣದ ನಿಜವಾದ ಪೃಥಕ್ಕರಣ ಸಾಮರ್ಥ್ಯ ಎಷ್ಟು? ನಕ್ಷೆಯ ಗೆರೆ ಅದಕ್ಕಿಂತ ಸೂಕ್ಷ್ಮವಾಗಿದೆಯೆ?
3. ಯಾರು ಲೆಕ್ಕದ ಹೊರಗಿದ್ದಾರೆ? ಸೇವೆಯ ಅಗತ್ಯ ಅವರಿಗೇ ಹೆಚ್ಚಿದೆಯೆ?
4. ಸ್ವತಂತ್ರವಾದ ಬೇರೊಂದು ಎಣಿಕೆಯೊಡನೆ ತಾಳೆ ನೋಡಲಾಗಿದೆಯೆ?
5. ದತ್ತಾಂಶ ಹುಟ್ಟಿಸಿದವರಿಗೆ ವಿಷಯ ತಿಳಿದಿದೆಯೆ? ಸ್ಪರ್ಧೆ ಮುಗಿದ ಮೇಲೆ ಸೇವೆಯ ಹೊಣೆ ಯಾರದು?

ಇವುಗಳಲ್ಲಿ ಮೊದಲಿನದನ್ನು ನೀವು ತರಗತಿಯಲ್ಲಿಯೇ ಪ್ರಯೋಗವಾಗಿ ಮಾಡಿಸಬಹುದು, ಖರ್ಚೇನೂ ಇಲ್ಲ. ಕಾಲೇಜಿನ ಕ್ಯಾಂಟೀನು, ಗ್ರಂಥಾಲಯ, ಹತ್ತಿರದ ಬಸ್ ನಿಲ್ದಾಣ, ವಾರದ ಸಂತೆ ಈ ನಾಲ್ಕು ಕಡೆ ವಿದ್ಯಾರ್ಥಿಗಳ ಗುಂಪುಗಳು ಹತ್ತು ನಿಮಿಷ ನಿಲ್ಲಲಿ. ಅಲ್ಲಿರುವ ಒಟ್ಟು ಜನ ಎಷ್ಟು, ಆ ಅವಧಿಯಲ್ಲಿ ಫೋನ್ ಬಳಸಿದವರು ಎಷ್ಟು ಎಂದು ಎಣಿಸಲಿ. ಯಾರ ಹೆಸರನ್ನೂ ಬರೆದುಕೊಳ್ಳಬೇಕಿಲ್ಲ, ಚಿತ್ರ ತೆಗೆಯಬೇಕಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ ಎರಡು ಸಂಖ್ಯೆಗಳ ಅನುಪಾತವನ್ನು ಕೋಷ್ಟಕದಲ್ಲಿ ಬರೆಯಲಿ. ನಾಲ್ಕೂ ಕಡೆ ಅನುಪಾತ ಒಂದೇ ಬಂದರೆ ಗೋಪುರದ ಎಣಿಕೆಯಿಂದ ಜನಸಂಖ್ಯೆಯನ್ನು ಊಹಿಸುವುದು ಸುಲಭ. ಬೇರೆ ಬೇರೆ ಬಂದರೆ, ಎಷ್ಟು ಬೇರೆ ಎಂಬುದೇ ಆ ಊಹೆಯಲ್ಲಿನ ದೋಷದ ಅಂದಾಜು. ಮುಂದುವರಿದ ವಿದ್ಯಾರ್ಥಿಗಳು ಮಿಲಾನಿನ ದತ್ತಾಂಶವನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬಹಿರಂಗ ದತ್ತಾಂಶ ಭಂಡಾರದಿಂದ ಇಳಿಸಿಕೊಂಡು, ಒಂದು ಚೌಕದ ದಿನಚರಿಯನ್ನು ನಕ್ಷೆಯಾಗಿ ಬಿಡಿಸಿ, ಪಕ್ಕದ ಚೌಕದೊಡನೆ ಹೋಲಿಸಲಿ. ಎರಡು ವಕ್ರರೇಖೆಗಳು ತೀರ ಒಂದೇ ತೆರನಾಗಿ ಕಂಡರೆ ಕಾರಣವೇನಿರಬಹುದೆಂದು ಚರ್ಚಿಸಲಿ.

ದೂರಸಂಪರ್ಕ ಕಂಪನಿಗಳು ಬಾಗಿಲು ತೆರೆದದ್ದು ತಪ್ಪಲ್ಲ. ಅರ್ಧ ತೆರೆದು ನಿಲ್ಲಿಸಿದ್ದು ಸಾಲದು. ಗೋಪುರದ ವ್ಯಾಪ್ತಿ ನಕ್ಷೆ, ಎಣಿಕೆಯ ನಿಯಮ, ಯಾವ ವಯಸ್ಸಿನ ಯಾವ ಬಡಾವಣೆಯ ಜನ ಗ್ರಾಹಕರಾಗಿದ್ದಾರೆ ಎಂಬ ಸ್ಥೂಲ ಪ್ರಮಾಣ, ಇವುಗಳನ್ನು ಕಂಪನಿಯಿಂದಲೂ ನಗರಸಭೆಯಿಂದಲೂ ಸ್ವತಂತ್ರವಾದ ಒಂದು ವೈಜ್ಞಾನಿಕ ಸಮಿತಿಗಾದರೂ ತೋರಿಸಬೇಕು. ವ್ಯಾಪಾರದ ಗುಟ್ಟನ್ನು ಸಮಿತಿ ಕಾಪಾಡಲಿ, ದೋಷದ ಪ್ರಮಾಣವನ್ನು ಪ್ರಕಟಿಸಲಿ. ಬಹುಮಾನದ ಒಂದು ಪಾಲನ್ನು ತಾಳೆ ನೋಡಿದವರಿಗೂ ಮೀಸಲಿಡಲಿ. ಅಲ್ಲಿಯವರೆಗೆ, ಇಂಥ ದತ್ತಾಂಶದ ಆಧಾರದ ಮೇಲೆ ಒಂದು ಬಡಾವಣೆಗೆ ಬಸ್ಸು ಬೇಡವೆಂದು ಯಾರಾದರೂ ತೀರ್ಮಾನಿಸಿದರೆ, ಆ ಬಡಾವಣೆಯ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ನಿಂತು ಎಣಿಸಿದಿರಾ ಎಂದು ಕೇಳುವುದು ನಮ್ಮ ಹಕ್ಕು.